ಒತ್ತು ಎಲ್ಲಿ ಎಂದು ಟೀಚರ್ ತಿದ್ದಿದರು

"ಎಗ್, ಜಾ, ಮಿ, ನೇ, ಶನ್" ಎಂದು 'ಎಗ್ಜಾಮಿನೇಶನ್' ಶಬ್ದವನ್ನು ಬಿಡಿಸಿ ಹೇಳುತ್ತಾ ಹಿರಿಯರೊಬ್ಬರು ಹೆಂಡತಿಯ ಎಡಗೈಯ ಬೆರಳುಗಳನ್ನು ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದಾಗಿ ಮುಟ್ಟುತ್ತಿದ್ದರು. ಹೆಂಡತಿ ಸುಮ್ಮನೆ ನೋಡುತ್ತಿದ್ದರು. ಮಣಿಪಾಲದ ಆಸ್ಪತ್ರೆಯೊಂದರಲ್ಲಿ, ಮಾತಿನ ತರಬೇತಿ ಕೊಡುವ ಕೋಣೆಯ ಹೊರಗಿನ ಬೆಂಚಿನಲ್ಲಿ ಅವರಿಬ್ಬರು ಕುಳಿತಿದ್ದರು. ಅಮ್ಮನ ಕಿವಿ ಪರೀಕ್ಷೆಗೆ ಹೋಗಿದ್ದ ನಾನು ಪಕ್ಕದಲ್ಲಿದ್ದೆ.

"ಲಕ್ವ ಹೊಡೆದ ಮೇಲೆ ಒಂದು ಮಾತೂ ಇಲ್ಲ. ಕಾರ್ಕಳದಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದಳು. ಉದ್ದದ ಶಬ್ದಗಳನ್ನು ಮಕ್ಕಳಿಗೆ ಹೀಗೇ ತುಂಡು ಮಾಡಿ ಕಲಿಸುತ್ತಿದ್ದದ್ದು" ಎಂದು ಅವರು ನನಗೆ ಹೇಳಿದರು.

ಮತ್ತೆ ಹೆಬ್ಬೆರಳಿನಿಂದ ಶುರುಮಾಡಿ, ಈ ಸಲ ಮೊದಲ ತುಂಡಾದ "ಎಗ್" ಅನ್ನೇ ಜೋರಾಗಿ ಹೇಳಿದರು. ಹೆಂಡತಿಯ ಹುಬ್ಬು ಗಂಟಿಕ್ಕಿತು. ಅವರು ಕೈ ಬಿಡಿಸಿಕೊಂಡು, ನಾಲ್ಕನೆಯದಾದ ಉಂಗುರದ ಬೆರಳನ್ನು ಗಂಡನ ಅಂಗೈಗೆ ಒತ್ತಿದರು. ತುಟಿ ಒಂದೆರಡು ಬಾರಿ ಅಲುಗಿತು.

"ನೇ" ಎಂದರು.

ಗಂಡ ಆ ಬೆರಳನ್ನು ಹಿಡಿದುಕೊಂಡೇ ನಕ್ಕರು. ಆಮೇಲೆ ಮೆಲ್ಲನೆ, "ಇನ್ನೊಮ್ಮೆ ಹೇಳು ಮಾರಾಯ್ತಿ. ಒತ್ತು ಎಲ್ಲಿ, ಯಾವ ತುಂಡನ್ನು ಜೋರಾಗಿ ಹೇಳಬೇಕು ಅಂತ ನನಗೆ ನಿಜವಾಗಿಯೂ ಗೊತ್ತಿಲ್ಲ" ಎಂದರು. ಹೆಂಡತಿ ಮತ್ತೆ ಅಷ್ಟನ್ನೇ ಹೇಳಿದರು, ಈ ಸಲ ಸ್ವಲ್ಪ ಸ್ಪಷ್ಟವಾಗಿ. ಅಷ್ಟರಲ್ಲಿ ಬಾಗಿಲು ತೆರೆದು ಅವರಿಬ್ಬರನ್ನು ಒಳಗೆ ಕರೆದರು.

ಆ ಟೀಚರಿಗೆ ಪೂರ್ತಿ ಮಾತು ಮರಳಿತೋ ಇಲ್ಲವೋ ನನಗೆ ತಿಳಿಯದು. ಆದರೆ ತನ್ನ ತಪ್ಪನ್ನು ಹೆಂಡತಿ ತಿದ್ದಿದಳೆಂದು ಅಷ್ಟು ಸಂತೋಷಪಟ್ಟ ಇನ್ನೊಬ್ಬ ಗಂಡನನ್ನು ನಾನು ಈವರೆಗೆ ಕಂಡಿಲ್ಲ.