ಬಿಬಿಯಾನಾ ದೊಡ್ಡಮ್ಮನ ಹನ್ನೆರಡು ಬಿಲ್ಲೆಗಳು

ನಮ್ಮ ದೊಡ್ಡಮ್ಮ ಬಿಬಿಯಾನಾ ಒಳ್ಳೆಯವಳಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಕೇಳಿ ನೀವು ಬರೀ ಅವಳ ಪರವಾಗಿ ಅಳುತ್ತೀರಿ, ನನ್ನ ಅತ್ತಿಗೆ ಜಸ್ಟೀನಾಳಿಗೆ ಶಾಪ ಹಾಕುತ್ತೀರಿ.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಹುಟ್ಟಿದ್ದು ಉತ್ತರದ ಮಂಜುಗಡಲಿನ ನಮ್ಮ ಉಗಿಯುವಕ್ ದ್ವೀಪದಲ್ಲಿ, ಕಡಿದಾದ ಬಂಡೆಯ ಮೇಲೆ ಕಂಬ ಊರಿ ನಿಲ್ಲಿಸಿದ ತೊಗಲಿನ ಮನೆಯಲ್ಲಿ. ಅವಳ ಗಂಡ ಕ್ಯಾಸ್ಪರ್ ದೊಡ್ಡಪ್ಪ ವಾಲ್ರಸ್ ಎಂಬ ಕಡಲಪ್ರಾಣಿಯ ದಂತ ಕೊರೆಯುವುದರಲ್ಲಿ ಎತ್ತಿದ ಕೈ. ಬೇಸಿಗೆ ಬಂದರೆ ದ್ವೀಪದವರೆಲ್ಲ ತೊಗಲಿನ ದೋಣಿಗಳಲ್ಲಿ ನೋಮ್ ಪಟ್ಟಣಕ್ಕೆ ಹೋಗಿ, ಕಡಲ ದಂಡೆಯಲ್ಲಿ ದೋಣಿ ಬೋರಲು ಹಾಕಿ ಅದರಡಿ ಸಂಸಾರ ಹೂಡುತ್ತಿದ್ದೆವು. ಗಂಡಸರು ಕೊರೆಯುವರು, ಹೆಂಗಸರು ಉಜ್ಜಿ ಹೊಳಪು ಕೊಡುವರು, ಬಂದ ಪ್ರವಾಸಿಗರಿಗೆ ಓಲೆ, ಪದಕ, ಬ್ರೇಸ್ಲೆಟ್ ಮಾರುವರು. ದ್ವೀಪದ ಶಾಲೆ ಮುಚ್ಚಿದ ಮೇಲೆ ಒಂದೊಂದೇ ಮನೆ ನೋಮ್‌ನಲ್ಲೇ ಉಳಿಯಿತು. ದೊಡ್ಡಮ್ಮನ ಮನೆಯೂ ಹಾಗೆಯೇ ಊರಿನ ಪೂರ್ವದ ತುದಿಯಲ್ಲಿ ನಿಂತಿತು. ಎರಡು ಮನೆ ಆಚೆಗೆ ನಾನು ಮದುವೆಯಾಗಿ ಬಂದೆ.

ಅವರ ಮನೆಯ ಬ್ರೇಸ್ಲೆಟ್ಟಿಗೆ ಹೆಸರಿತ್ತು. ಹನ್ನೆರಡು ಚಪ್ಪಟೆ ಬಿಲ್ಲೆಗಳು, ಒಂದೊಂದರ ಮೇಲೂ ಒಂದೊಂದು ಚಿತ್ರ, ಸೀಲ್ ಪ್ರಾಣಿ, ನಾಯಿ ಇಲ್ಲವೇ ಹಕ್ಕಿ; ಚಿತ್ರ ಗೀರುವುದು ಹೊಳಪು ಬಂದ ಮೇಲೆ. ಅದನ್ನು ಕೊರೆದ ಕೈಗಿಂತ ಹೊಳಪು ಕೊಟ್ಟ ಕೈಗೇ ಹೆಸರು ಹೆಚ್ಚು. ದೊಡ್ಡಮ್ಮ ಬಿಲ್ಲೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಅದ್ದಿ ಅದ್ದಿ, ಮರಳು ಕಾಗದದಿಂದ, ಆಮೇಲೆ ಬೂದಿ ಹಚ್ಚಿದ ಒದ್ದೆ ತೊಗಲಿನಿಂದ ಉಜ್ಜುತ್ತಿದ್ದಳು. ಕೊನೆಗೆ ಕೆಳತುಟಿಗೆ ಸವರಿ ನೋಡುವಳು. ಕಣ್ಣಿಗೆ ಕಾಣದ ಗೀರು ತುಟಿಗೆ ಸಿಗುತ್ತದೆ ಎನ್ನುವಳು. ಸಿಗುತ್ತಿತ್ತು ಕೂಡ.

ಜಸ್ಟೀನಾ ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು. ತಾಯಿತಂದೆ ಇಲ್ಲದ ಹುಡುಗಿ, ಟೆಲ್ಲರ್ ಊರಿನ ಕಡೆಯವಳು. ಅವಳ ಸೋದರಮಾವಂದಿರು ಹಿಮಸಾರಂಗ ಮೇಯಿಸುತ್ತಿದ್ದರು. ದೊಡ್ಡಮ್ಮನಿಗೆ ಇಷ್ಟು ಸಾಕಾಯಿತು. ದನಿ ಏರಿಸದೆ ಮಾತಿನಲ್ಲಿ ತಿವಿಯುವುದು ಅವಳಿಗೆ ಕರಗತ. “ನಿಮ್ ಕಡೆ ಕೊಂಬು ತಾನಾಗೇ ಉದುರುತ್ತಂತಲ್ಲ, ಆಯ್ಕೊಂಡ್ರೆ ಆಯ್ತು. ನಮ್ ಗಂಡಸ್ರು ದಂತಕ್ಕೆ ಮಂಜುಗಡ್ಡೆ ಮೇಲೆ ಜೀವ ಇಟ್ಟು ಬರ್ತಾರೆ ಕಣೇ,” ಎಂದು ಮೊದಲ ವಾರವೇ ಹೇಳಿದಳು. ಸೊಸೆ ತಲೆ ತಗ್ಗಿಸಿ ಬೋಗುಣಿಯ ಮುಂದೆ ಕುಳಿತಳು.

ಆ ಬೋಗುಣಿಯ ನೀರನ್ನು ಬೆಚ್ಚಗೆ ಮಾಡಲು ದೊಡ್ಡಮ್ಮ ಬಿಡುತ್ತಿರಲಿಲ್ಲ. ಬಿಸಿನೀರಿಗೆ ದಂತ ಸೀಳುತ್ತದೆ ಎನ್ನುವುದು ಅವಳ ಮಾತು. ಉಗುರುಬೆಚ್ಚಗಿನ ನೀರಿಗೆ ಏನೂ ಆಗುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಚಳಿಗಾಲದಲ್ಲಿ ಜಸ್ಟೀನಾಳ ಬೆರಳ ತುದಿಗಳು ಬಿರಿದು ನೀರು ಕೆಂಪಾಗುತ್ತಿತ್ತು. ಉಜ್ಜಿದ ಬಿಲ್ಲೆಯನ್ನು ಅತ್ತೆಯ ಕೈಗೆ ಕೊಡಬೇಕು. ಅತ್ತೆ ತುಟಿಗೆ ಸವರಿ, ಗೀರು ಸಿಕ್ಕರೆ, ಬೈಯುತ್ತಿರಲಿಲ್ಲ. ಕಬ್ಬಿಣದ ಅರ ತೆಗೆದುಕೊಂಡು ಬಿಲ್ಲೆಯ ಬೆನ್ನಿನ ಮೇಲೆ ಅಡ್ಡಕ್ಕೆ ಒಂದು ಸಲ ಎಳೆಯುವಳು, ಅಷ್ಟೆ. ಅಷ್ಟು ಹೊತ್ತಿನ ಕೆಲಸ ಹೋಯಿತು, ಮತ್ತೆ ಮೊದಲಿನಿಂದ. ಮಗ ಕ್ಲೆಮೆಂಟ್ ಅದೇ ಕೋಣೆಯಲ್ಲಿ ಗರಗಸದ ಮುಂದೆ ಕುಳಿತಿರುತ್ತಿದ್ದ. ಅವನು ಕತ್ತು ತಿರುಗಿಸಿದ್ದನ್ನು ನಾನು ನೋಡಿಲ್ಲ.

ಎರಡನೆಯ ವರ್ಷ ಹೆಣ್ಣು ಮಗು ಹುಟ್ಟಿತು. ಕ್ಯಾಸ್ಪರ್ ದೊಡ್ಡಪ್ಪ ತೀರಿಹೋದ ತನ್ನ ತಾಯಿಯ ಹೆಸರಿಟ್ಟ. ನಮ್ಮಲ್ಲಿ ಹೆಸರು ಬಂದರೆ ಆ ಹೆಸರಿನವರೇ ಬಂದ ಹಾಗೆ. ಅವರನ್ನು ಕರೆಯುತ್ತಿದ್ದಂತೆಯೇ ಮಗುವನ್ನೂ ಕರೆಯಬೇಕು. ಅಂದರೆ ದೊಡ್ಡಮ್ಮ ಆ ಕೂಸನ್ನು ‘ಅತ್ತೆ’ ಎನ್ನಬೇಕಾಯಿತು. ಆ ಹಳೆಯ ಅತ್ತೆ ದೊಡ್ಡಮ್ಮನನ್ನು ಏನೇನು ಮಾಡಿದ್ದಳೋ ನನಗೆ ಪೂರ್ತಿ ತಿಳಿಯದು. ದೊಡ್ಡಮ್ಮನ ಎಡಗಿವಿ ಕೇಳದಿದ್ದದ್ದು ಅವಳಿಂದಲೇ ಎಂದು ನನ್ನ ತಾಯಿ ಹೇಳುತ್ತಿದ್ದಳು. ತೊಟ್ಟಿಲ ಹತ್ತಿರ ನಿಂತು ದೊಡ್ಡಮ್ಮ ಒಂದು ದಿನ, “ಮತ್ತೆ ಬಂದ್ಯಾ? ನನ್ನ ಒಲೆ ಮುಂದೇ ಬಂದು ಕೂತ್ಕೊಂಡ್ಯಾ?” ಎಂದಳು. ನಾವು ನಕ್ಕೆವು. ಅವಳು ನಗಲಿಲ್ಲ. ಮಗುವನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ.

ಮಗುವಿಗೆ ಏಳು ತಿಂಗಳಾದಾಗ ಊರಿನಲ್ಲಿ ನಾಯಿಕೆಮ್ಮು ಬಂತು. ಅಂದು ಶುಕ್ರವಾರ. ಮರುದಿನದ ವಿಮಾನಕ್ಕೆ ಒಬ್ಬ ವ್ಯಾಪಾರಿಗೆ ಆರು ಬ್ರೇಸ್ಲೆಟ್ ಕಳಿಸಬೇಕಿತ್ತು. ನಾನು ಸೂಜಿ ಕೇಳಲು ಹೋದವಳು ಅಲ್ಲೇ ಇದ್ದೆ. ಮಗು ಕೆಮ್ಮಿ ಕೆಮ್ಮಿ ತುಟಿ ನೀಲಿಗಟ್ಟಿತ್ತು. ಜಸ್ಟೀನಾ ನೀರಿನಿಂದ ಕೈ ತೆಗೆದು, “ಅತ್ತೆ, ಇವಳು ಉಸಿರಾಡೋದು ಸರಿಯಿಲ್ಲ. ಆಸ್ಪತ್ರೆಗೆ ಎತ್ಕೊಂಡು ಹೋಗ್ತೀನಿ,” ಎಂದಳು.

“ನಾಲ್ಕು ಬಿಲ್ಲೆ ಉಳಿದಿದೆ. ಮುಗಿಸಿ ಹೋಗು,” ಎಂದಳು ದೊಡ್ಡಮ್ಮ.

ಜಸ್ಟೀನಾ ಗಂಡನ ಕಡೆ ನೋಡಿದಳು. ಗರಗಸ ಓಡುತ್ತಲೇ ಇತ್ತು. ನನ್ನ ಕಡೆ ನೋಡಿದಳು. ‘ಕೊಡು, ನಾನು ಒಯ್ಯುತ್ತೇನೆ’ ಎನ್ನುವುದು ನನ್ನ ಬಾಯಿಗೆ ಬರಲಿಲ್ಲ. ಆ ಮನೆಯಲ್ಲಿ ದೊಡ್ಡಮ್ಮನ ಮಾತಿನ ಮೇಲೆ ಮಾತಾಡುವ ರೂಢಿ ಯಾರಿಗೂ ಇರಲಿಲ್ಲ. ಜಸ್ಟೀನಾ ಕುಳಿತು ಉಜ್ಜಿದಳು. ನಾಲ್ಕರಲ್ಲಿ ಮೂರು ಒಪ್ಪಿಗೆಯಾದವು. ನಾಲ್ಕನೆಯದಕ್ಕೆ ದೊಡ್ಡಮ್ಮ ಅರ ಎಳೆದಳು. ಎರಡು ಗಂಟೆ ಹೋಯಿತು. ಆಮೇಲೆ ಆಸ್ಪತ್ರೆಗೆ ಓಡಿದರು. ಮಗು ಬೆಳಗಾಗುವಷ್ಟರಲ್ಲಿ ಹೋಯಿತು. ಬೇಗ ತಂದಿದ್ದರೆ ಉಳಿಯುತ್ತಿತ್ತೇ ಎಂದು ವೈದ್ಯರನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ದೊಡ್ಡಮ್ಮ ಸೊಸೆಯ ಮುಂದೆ ಚಹಾ ಇಟ್ಟು, “ಅದು ಇರೋಕೆ ಬಂದಿದ್ದಲ್ಲ ಕಣೇ, ನೋಡ್ಕೊಂಡು ಹೋಗೋಕೆ ಬಂದಿತ್ತು,” ಎಂದಳು. ಜಸ್ಟೀನಾ ಆ ಚಹಾ ಕುಡಿದಳು.

ಇದಾದ ಮೇಲೆ ಇಪ್ಪತ್ತು ವರ್ಷ ಅವಳು ಅದೇ ಬೋಗುಣಿಯ ಮುಂದೆ ಕುಳಿತಳು. ಇಬ್ಬರು ಗಂಡುಮಕ್ಕಳನ್ನು ಹೆತ್ತಳು. ಎದುರು ಮಾತಾಡಲಿಲ್ಲ, ಮನೆ ಬಿಟ್ಟು ಹೋಗಲಿಲ್ಲ. ಕ್ಯಾಸ್ಪರ್ ದೊಡ್ಡಪ್ಪ ಒಂದು ವಸಂತದಲ್ಲಿ ಒಡೆದು ತೇಲಿದ ಮಂಜುಗಡ್ಡೆಯ ಜೊತೆ ಹೋದವನು ಸಿಗಲಿಲ್ಲ. ಆಮೇಲೆ ಸಕ್ಕರೆ ಕಾಯಿಲೆ ದೊಡ್ಡಮ್ಮನ ಕಣ್ಣು ತಿಂದಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಆ ಕಾಲ ಬಂತು. ಹೋಟೆಲಿನ ಹಜಾರದಲ್ಲಿ ಮೇಜು ಹಾಕಿ ಮಾರುವುದು, ವ್ಯಾಪಾರಿಗಳ ಜೊತೆ ಮಾತಾಡುವುದು, ದಂತ ಹಂಚುವುದು ಎಲ್ಲ ಜಸ್ಟೀನಾಳ ಕೈಗೆ ಬಂತು.

ಕಣ್ಣು ಹೋದ ಮೇಲೂ ದೊಡ್ಡಮ್ಮ ಕಿಟಕಿಯ ಹತ್ತಿರ ಕುಳಿತು ಉಜ್ಜುತ್ತಿದ್ದಳು. ಕೆಲಸದಲ್ಲಿ ಎಳ್ಳಷ್ಟೂ ಕುಂದಿರಲಿಲ್ಲ. ಮೊದಮೊದಲು ಜಸ್ಟೀನಾ ಅವಳಿಗೆ ದಂತವನ್ನೇ ಕೊಟ್ಟಳು. ಒಂದು ದಿನ ಹೋಟೆಲಿನಲ್ಲಿ ಯಾವಳೋ ಪ್ರವಾಸಿ ಹೆಂಗಸು ಬ್ರೇಸ್ಲೆಟ್ ಹಿಡಿದು, ಇದಕ್ಕೆ ಹೊಳಪು ಕೊಟ್ಟವಳು ಕುರುಡಿಯಂತೆ, ಎಂಥ ಪುಣ್ಯವಂತೆ, ಅವಳ ಜೊತೆ ಒಂದು ಫೋಟೊ ಬೇಕು ಎಂದಳಂತೆ. ಜಸ್ಟೀನಾ ಮುಗುಳ್ನಕ್ಕು ಮೇಜು ಎತ್ತಿದಳು. ಮನೆಗೆ ಬಂದು, ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಮಣೆಯನ್ನು ಗಂಡನ ಗರಗಸಕ್ಕೆ ಕೊಟ್ಟು ಹನ್ನೆರಡು ಬಿಲ್ಲೆ ಕತ್ತರಿಸಿದಳು. ದಾರಕ್ಕೆಂದು ತೂತು ಕೂಡ ಕೊರೆದಳು.

ಮರುದಿನದಿಂದ ದೊಡ್ಡಮ್ಮ ಉಜ್ಜಿದ್ದು ಅವನ್ನೇ. ಬೆಳಿಗ್ಗೆ ಅತ್ತಿಗೆ ಬಿಲ್ಲೆಗಳ ಡಬ್ಬಿಯನ್ನು ಅವಳ ತೊಡೆಯ ಮೇಲಿಡುವಳು. ಸಂಜೆ ತೆಗೆದುಕೊಂಡು ತನ್ನ ತುಟಿಗೆ ಸವರಿ, “ಇದರಲ್ಲಿ ಗೀರಿದೆ ಅತ್ತೆ, ದಯವಿಟ್ಟು ಇನ್ನೊಂದ್ಸಲ ನೋಡ್ತೀರಾ?” ಎನ್ನುವಳು. ಬಹುವಚನ ತಪ್ಪುತ್ತಿರಲಿಲ್ಲ. ಅರ ಎಳೆಯುವುದನ್ನೂ ಮರೆಯುತ್ತಿರಲಿಲ್ಲ. ಮರುದಿನ ಅದೇ ಹನ್ನೆರಡು ಮತ್ತೆ ಡಬ್ಬಿಗೆ. ನಿಮ್ಮ ಬ್ರೇಸ್ಲೆಟ್ ಸಿಯಾಟಲ್‌ಗೆ ಹೋಯಿತು, ಜಪಾನಿಗೆ ಹೋಯಿತು ಎಂದು ಊಟ ಬಡಿಸುತ್ತ ಹೇಳುವಳು. ಮೀನಿನ ಮುಳ್ಳು ತೆಗೆದು, ಸೀಲ್ ಎಣ್ಣೆಯಲ್ಲಿ ಅದ್ದಿ, ಕೈಗೆ ಕೊಡುವಳು. ಭಾನುವಾರ ತಲೆ ತೊಳೆದು ಜಡೆ ಹಾಕಿ ಚರ್ಚಿಗೆ ಕರೆತರುವಳು. ಅಂಥ ಸೊಸೆ ಊರಿಗೇ ಇಲ್ಲ ಎಂದು ಪಾದ್ರಿಗಳು ಹೊಗಳಿದರು.

ಪೂರ್ವದ ತುದಿಯ ಹೆಂಗಸರಿಗೆ ವಿಷಯ ಗೊತ್ತಿತ್ತು. ಚಹಾಕ್ಕೆ ಬಂದವರು ಕಿಟಕಿಯ ಕಡೆ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವರು. ಒಬ್ಬಳು, “ಮಣೆ ಮುಗಿದ್ರೆ ನಮ್ಮನೇ ಬಕೆಟ್ ಇದೆ, ಹೇಳು,” ಎಂದಾಗ ನಾನೂ ನಕ್ಕೆ. ಜೋರಾಗಿಯೇ ನಕ್ಕೆ. ಆ ಏಳು ತಿಂಗಳ ಮಗುವನ್ನು ಕಂಡವಳು ನಾನು. ನಗಲು ನನಗೆ ಹಕ್ಕಿದೆ ಎಂದುಕೊಂಡೆ.

ಹೀಗೆ ಎರಡನೆಯ ಚಳಿಗಾಲ ಬಂತು. ಒಂದು ಮಧ್ಯಾಹ್ನ ಒಣಗಿಸಿದ ವಾಲ್ರಸ್ ಮಾಂಸ ಕೊಡಲು ಹೋದೆ. ಜಸ್ಟೀನಾ ಹೋಟೆಲಿಗೆ ಹೋಗಿದ್ದಳು. ದೊಡ್ಡಮ್ಮ ಒಬ್ಬಳೇ ಉಜ್ಜುತ್ತಿದ್ದಳು. ಬಿಲ್ಲೆಗಳು ಸವೆದು ಸವೆದು ಕಾಗದದಂತೆ ತೆಳ್ಳಗಾಗಿದ್ದವು. ಸುಮ್ಮನೆ ನೋಡುತ್ತ ಕುಳಿತೆ. ಅವಳು ಒಂದನ್ನು ನನ್ನ ಕಡೆ ಚಾಚಿ, “ಟೆಕ್ಲಾ, ಇದು ಯಾವುದರ ಪ್ಲಾಸ್ಟಿಕ್ಕು? ತಟ್ಟೇದಾ?” ಎಂದಳು.

ಮಣೆಯದು ಎಂದೆ.

“ಹಂಗಾದ್ರೆ ಸರಿ. ಈರುಳ್ಳಿ ವಾಸನೆ ಬರ್ತಿತ್ತು ಮೊದಮೊದಲು.”

“ಯಾವಾಗಿಂದ ಗೊತ್ತು ದೊಡ್ಡಮ್ಮ?”

“ಮೊದಲ ದಿನಾನೇ. ದಂತ ತುಟಿಗೆ ತಣ್ಣಗಿರುತ್ತೆ ಕಣೇ. ಇದಕ್ಕೆ ಜೀವ ಇಲ್ಲ.”

ಮತ್ತೆ ಯಾಕೆ ಉಜ್ಜುತ್ತೀ, ಯಾಕೆ ಕೇಳಲಿಲ್ಲ ಎಂದೆ. ಅವಳು ಬೋಗುಣಿಗೆ ಕೈ ಇಳಿಸಿ ಮೆಲ್ಲಗೆ ಹೇಳಿದಳು: “ಅವಳು ಇದರಲ್ಲಿ ಖುಷಿಯಾಗಿದಾಳೆ. ನಂಗೆ ಗೊತ್ತು ಅಂತ ಗೊತ್ತಾದ್ರೆ ಇದು ಸಪ್ಪೆಯಾಗುತ್ತೆ. ಆಮೇಲೆ ಬೇರೆ ಏನಾದ್ರೂ ಹುಡುಕ್ತಾಳೆ. ನಾನೂ ಅತ್ತೆಯಾಗಿದ್ದೋಳು, ನಂಗೊತ್ತಿಲ್ವಾ? ನಿನ್ ನಾಲಿಗೆ ಒಳಗಿಟ್ಕೋ.”

ಮನೆಗೆ ಬಂದು ನಾಲ್ಕು ದಿನ ಊಟ ಸೇರಲಿಲ್ಲ. ಐದನೆಯ ದಿನ ಅಂಗಡಿಯ ಮುಂದೆ ಕ್ಲೆಮೆಂಟ್ ಅಣ್ಣ ಸಿಕ್ಕಿದ. ನಿನ್ನ ತಾಯಿಗೆ ಎಲ್ಲ ಗೊತ್ತು, ಇನ್ನಾದರೂ ಒಂದು ತುಂಡು ದಂತ ಕೊಡಿಸು, ನೀನು ಕತ್ತರಿಸಿ ಎಸೆಯುವ ಚೂರಾದರೂ ಸಾಕು ಎಂದೆ. ಅವನು ಕೈಗವಸಿನ ಹೊಲಿಗೆ ನೋಡುತ್ತ ನಿಂತಿದ್ದು, ಹೂಂ ಎಂದು ಹೊರಟ. ಆ ಮನುಷ್ಯ ಬದುಕಿನಲ್ಲಿ ಹೊತ್ತು ತಲುಪಿಸಿದ ಒಂದೇ ಮಾತು ಅದು. ತಾಯಿಗೆ ದಂತ ಕೊಡಲಿಲ್ಲ, ಹೆಂಡತಿಗೆ ಸುದ್ದಿ ಕೊಟ್ಟ.

ಜಸ್ಟೀನಾ ಬೈಯಲಿಲ್ಲ, ಅಳಲಿಲ್ಲ. ಮರುದಿನ ಬೋಗುಣಿ ಎತ್ತಿಟ್ಟಳು. ಡಬ್ಬಿಯನ್ನೂ ತೊಗಲನ್ನೂ ಎತ್ತಿಟ್ಟಳು. “ಸಾಕು ಅತ್ತೆ, ನೀವು ಎಷ್ಟು ಅಂತ ದುಡೀತೀರಿ. ಇನ್ನು ಆರಾಮಾಗಿರಿ,” ಎಂದಳು. ಕುರ್ಚಿಗೆ ಹೊಸ ದಿಂಬು ಕೂಡ ಹಾಕಿದಳು.

ಮೂರನೆಯ ದಿನ ದೊಡ್ಡಮ್ಮ ಪ್ಲಾಸ್ಟಿಕ್ಕಾದರೂ ಕೊಡು ಎಂದು ಬಾಯಿಬಿಟ್ಟು ಕೇಳಿದಳಂತೆ. ಯಾವ ಪ್ಲಾಸ್ಟಿಕ್ ಅತ್ತೆ ಎಂದಳಂತೆ ಸೊಸೆ. ಮತ್ತೆ ಕೇಳಲಿಲ್ಲ. ಆದರೆ ಆ ಕೈಗಳಿಗೆ ಸುಮ್ಮನಿರುವುದು ಬರುತ್ತಿರಲಿಲ್ಲ. ಅರವತ್ತು ವರ್ಷ ಉಜ್ಜಿದ ಕೈಗಳು. ಬಲಗೈ ಹೆಬ್ಬೆರಳು ಎಡಗೈ ಗೆಣ್ಣನ್ನು ಉಜ್ಜತೊಡಗಿತು, ದಿನವಿಡೀ. ಚರ್ಮ ಸುಲಿಯಿತು. ಜಸ್ಟೀನಾ ಬಟ್ಟೆ ಸುತ್ತಿದಳು. ದೊಡ್ಡಮ್ಮ ಬಟ್ಟೆಯ ಮೇಲೆಯೇ ಉಜ್ಜಿದಳು. ಸಕ್ಕರೆ ಕಾಯಿಲೆಯ ಮೈ, ಗಾಯ ಮಾಯಲಿಲ್ಲ. ಕೀವಾಗಿ, ಬೆರಳು ಕಪ್ಪಾಗಿ, ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಈ ಸಲ ಜಸ್ಟೀನಾ ತಡಮಾಡದೆ ಬೆಳಿಗ್ಗೆಯೇ ಕರೆದೊಯ್ದಿದ್ದಳು.

ನಾನು ದೊಡ್ಡಮ್ಮನನ್ನು ನೋಡಲು ಹೋದೆ. ನನ್ನ ಹೆಜ್ಜೆ ಸಪ್ಪಳಕ್ಕೇ ಗುರುತು ಹಿಡಿದು, “ಹೇಳ್ಬೇಡ ಅಂದಿದ್ದೆ. ನಿಂಗೆ ಒಳ್ಳೇವಳಾಗೋ ಆಸೆ,” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಬೇರೆ ಯಾರ ಬಗ್ಗೆಯೋ ಹೇಳಿದ ಹಾಗಿತ್ತು. ಆಮೇಲೆ ಗೋಡೆಗೆ ಮುಖ ಮಾಡಿದಳು. ನಂಜು ತೋಳಿಗೆ ಏರಿತು. ಏಪ್ರಿಲ್‌ನಲ್ಲಿ ತೀರಿಕೊಂಡಳು. ದ್ವೀಪದಲ್ಲೇ ಮಣ್ಣು ಮಾಡಬೇಕೆಂದು ಕ್ಲೆಮೆಂಟ್‌ಗೆ ಆಸೆಯಿತ್ತಂತೆ, ಆದರೆ ಯಾರನ್ನೂ ಕೇಳಲಿಲ್ಲ. ವಾಲ್ರಸ್ ಬೇಟೆಯ ತಿಂಗಳು, ದೋಣಿ ಕೊಡುವವರು ಯಾರು? ಹೆಪ್ಪುಗಟ್ಟಿದ ನೆಲ ಕರಗುವವರೆಗೆ ಪೆಟ್ಟಿಗೆ ಕಾದಿತ್ತು. ಜೂನ್‌ನಲ್ಲಿ ನೋಮ್‌ನಲ್ಲೇ ಹೂಳಿದರು.

ಅದಾಗಿ ಸ್ವಲ್ಪ ದಿನಕ್ಕೆ ಜಸ್ಟೀನಾ ಅತ್ತಿಗೆ, ನಾನು ಸೊಪ್ಪು ಕೀಳಲು ಬಯಲಿಗೆ ಹೋಗಿದ್ದೆವು. ಚೀಲ ಅರ್ಧ ತುಂಬಿತ್ತು. ನಾನು ಏನೂ ಕೇಳಿರಲಿಲ್ಲ. ಅವಳೇ, ಬಗ್ಗಿದವಳು ಬಗ್ಗಿದ ಹಾಗೇ, “ನೀನು ನಿಮ್ಮಣ್ಣಂಗೆ ಹೇಳಿದ್ದು ಒಳ್ಳೇದೇ ಆಯ್ತು ಟೆಕ್ಲಾ. ನಂಗೂ ಸಾಕಾಗಿತ್ತು,” ಎಂದಳು.

“ಅಷ್ಟು ದಿನ ಖುಷಿಯಾಗಿದ್ಯಾ ಅತ್ತಿಗೆ?”

ಅವಳು ನನಗೆ ಸುಳ್ಳು ಹೇಳುವವಳಲ್ಲ. “ಮೊದಲ ಹದಿನೈದು ದಿನ ತುಂಬಾ ಖುಷಿಯಿತ್ತು. ಆಮೇಲೆ ನಾಯಿಗೆ ಅನ್ನ ಹಾಕಿದ ಹಾಗೆ, ದಿನಾ ಮಾಡೋ ಕೆಲಸ ಅಷ್ಟೆ.” ಸೊಳ್ಳೆ ಹೊಡೆದುಕೊಳ್ಳುತ್ತ, “ಆ ಮುದುಕಿ ಒಂದ್ಸಲ ಕೂಡ ಮಗು ಹೆಸರು ಎತ್ತಲಿಲ್ಲ ನೋಡು. ಎತ್ತಿದ್ರೆ ಬಿಟ್ಟುಬಿಡ್ತಿದ್ನೇನೋ. ಕಾಯ್ತಾ ಇದ್ದೆ,” ಎಂದಳು.

ಗಾಳಿ ತಿರುಗಿತು, ಸೊಳ್ಳೆ ಮುತ್ತಿದವು. ಚೀಲ ಕಟ್ಟಿ ಇಬ್ಬರೂ ರಸ್ತೆಗೆ ಬಂದೆವು. ಮರುದಿನ ಪ್ರವಾಸಿಗರ ವಿಮಾನ ಬರುವುದಿತ್ತು, ಅವಳಿಗೆ ಮೇಜಿನ ಬಟ್ಟೆ ಒಗೆದು ಒಣಹಾಕಬೇಕಿತ್ತು. ನಾನು ಒಂದು ತುದಿ ಹಿಡಿದು ಹಿಂಡಿಕೊಟ್ಟೆ.