ಮೂಲಂಗಿಗೆ ಸುರಿದ ಸಾಸಿವೆ ರಸ

ನನಗೆ ಹೆದರಿಕೆಯಾದರೆ ಅಳು ಬರುವುದಿಲ್ಲ. ದೇವರ ನೆನಪೂ ಅಷ್ಟಾಗಿ ಬರುವುದಿಲ್ಲ. ಏನನ್ನಾದರೂ ಕುಟ್ಟಬೇಕು ಅನಿಸುತ್ತದೆ. ನಮ್ಮ ಯಜಮಾನರ ಕಾಲಿನ ಹೆಬ್ಬೆರಳ ಗಾಯ ಒಣಗದೆ ಹಟ ಹಿಡಿದ ವರ್ಷ ನಾನು ಎಷ್ಟು ಸಾಸಿವೆ ಕುಟ್ಟಿದೆನೆಂದರೆ, ಬೀದಿಯಲ್ಲಿ ಹೋಗುವವರು ನಿಂತು, ಉಪ್ಪಿನಕಾಯಿ ಹಾಕುತ್ತಿದ್ದೀರಾ ಎಂದು ಕೇಳುತ್ತಿದ್ದರು. ಹೌದು ಅನ್ನುತ್ತಿದ್ದೆ. ಗಂಡನಿಗೆ ಹಸಿ ಮೂಲಂಗಿ ತಿನ್ನಿಸುವುದಕ್ಕೆ ಅಂತ ಹೇಳಿದರೆ ನಂಬುವವರು ಯಾರು?

ಇವರು ಹುಡುಗರಾಗಿದ್ದಾಗಿನಿಂದ ಕುರಿಗಳ ಹಿಂದೆ ನಡೆದವರು. ಮಾಮೂಲು ದಾರಿಯಲ್ಲಿ ಹೊಸದೊಂದು ಕಲ್ಲು ಬಂದು ಬಿದ್ದಿದ್ದರೆ ಕತ್ತಲಲ್ಲೂ ಅವರ ಪಾದಕ್ಕೆ ಗೊತ್ತಾಗುತ್ತಿತ್ತು. ಅಂಥ ಪಾದದ ಹೆಬ್ಬೆರಳಲ್ಲಿ ಜಾಲಿ ಮುಳ್ಳು ಮುರಿದುಕೊಂಡಿತ್ತು. ಚಾಪೆಯ ಮೇಲೆ ಕೀವಿನ ಕಲೆ ಕಂಡು ನಾನೇ ಕಾಲು ಹಿಡಿದು ನೋಡಿದೆ.

"ನೋಯ್ಲಿಲ್ವಾ?" ಅಂದೆ.

"ಏನು ನೋಯ್ಬೇಕಿತ್ತು?" ಅಂದರು.

ಮುಳ್ಳು ನೋಯಿಸಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಧರ್ಮಪುರಿ ಆಸ್ಪತ್ರೆಯ ತಮಿಳು ಡಾಕ್ಟರಮ್ಮ ನನ್ನ ದೊಡ್ಡ ಮಗಳಿಗಿಂತ ಚಿಕ್ಕವಳು. ರಕ್ತ ನೋಡಿ ಶುಗರ್ ಅಂದಳು, ತೋಳಿಗೆ ಪಟ್ಟಿ ಸುತ್ತಿ ಪ್ರೆಶರ್ ಅಂದಳು. ಮುದ್ದೆ ಅರ್ಧ ಮಾಡಿ, ಅದಕ್ಕೆ ಮೊದಲು ಒಂದು ತಟ್ಟೆ ಹಸಿ ತರಕಾರಿ ತಿನ್ನಿಸಿ ಅಂದಳು. ಬೆಲ್ಲ ಬೇಡ, ಎಣ್ಣೆ ಒಂದು ಚಮಚ. "ಪಾಟ್ಟಿ, ಉಪ್ಪು ಕುರೈಕ್ಕಣುಂ," ಅಂದರೆ ಅಜ್ಜಿ, ಉಪ್ಪು ಕಡಿಮೆ ಮಾಡಬೇಕು ಅಂತ ಬಾಗಿಲ ತನಕ ಬಂದು ಹೇಳಿದಳು. ಮುಂದಿನ ಸಲ ಬರುವ ಹೊತ್ತಿಗೆ ಗಾಯ ಒಣಗದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂಬುದನ್ನೂ ಮೆಲ್ಲಗೆ ಹೇಳಿದಳು. ಗದರಿ ಹೇಳಿದ್ದರೆ ಚೆನ್ನಾಗಿತ್ತು. ಡಾಕ್ಟರು ಮೆಲ್ಲಗೆ ಮಾತಾಡಿದರೆ ನನಗೆ ಕೈಕಾಲು ಆಡುವುದಿಲ್ಲ.

ಬಸ್ಸಿನಲ್ಲೇ ಮನಸ್ಸಿನಲ್ಲಿ ಭಾಗ ಹಂಚಿಕೊಂಡೆ. ಮಾತ್ರೆ ಡಾಕ್ಟರಮ್ಮನದು. ಗಾಯ ತೊಳೆದು ಕಟ್ಟುವುದು ಸೊಸೆಯದು, ಅವಳ ಕೈ ಹಗುರ. ತಟ್ಟೆ ನನ್ನದು. ಬೆರಳು ಹೋದರೆ ಉಳಿದಿಬ್ಬರನ್ನು ಯಾರೂ ಏನೂ ಅನ್ನುವುದಿಲ್ಲ, ತಟ್ಟೆಯವಳನ್ನೇ ಅನ್ನುತ್ತಾರೆ. ಬೇರೆ ಯಾರೂ ಅನ್ನದಿದ್ದರೆ ನಾನೇ ಅಂದುಕೊಳ್ಳುತ್ತೇನೆ.

ಒಂದು ವಿಚಿತ್ರ ನೋಡಿ. ನಮ್ಮ ಕಡೆ ಹಸಿಯದನ್ನು ತಿನ್ನದವರು ಯಾರೂ ಇಲ್ಲ. ಹೊಲದಲ್ಲಿ ಮೂಲಂಗಿ ಕಿತ್ತು, ಮಣ್ಣನ್ನು ಪಂಚೆಗೆ ಒರೆಸಿ, ನಿಂತಲ್ಲೇ ಕಡಿಯುತ್ತಾರೆ. ಹಸಿ ಅವರೆ, ಹಸಿ ಕಡಲೆಕಾಯಿ, ಎಳೆ ಬೆಂಡೆ, ಪಾಲಕೋಡಿನ ಸಂತೆಗೆ ಹೊರಟ ಬುಟ್ಟಿಯಿಂದ ಎತ್ತಿಕೊಂಡ ಟೊಮೇಟೊ, ಎಲ್ಲವೂ ಸಲ್ಲುತ್ತವೆ. ಮದುವೆ ಎಲೆಯ ತುದಿಯಲ್ಲಿ ಕೋಸಂಬರಿಗೂ ಮರ್ಯಾದೆ ಉಂಟು. ಅದನ್ನೇ ಹೆಚ್ಚಿ, ತಟ್ಟೆ ತುಂಬ ಹಾಕಿ, ಮನೆಯೊಳಗೆ ಕೂತವನ ಮುಂದಿಟ್ಟರೆ ಅವಮಾನ ಮಾಡಿದ ಹಾಗೆ. ನಿಂತು ತಿಂದರೆ ಚಪಲ, ಕೂತು ತಿಂದರೆ ಕಾಯಿಲೆ.

ಮೊದಲ ದಿನ ಇವರು ತಟ್ಟೆಯನ್ನು ಬೆರಳಲ್ಲಿ ತಳ್ಳಿದರು.

"ಯಾಕ್ಲೇ, ನಾನೇನ್ ಕುರಿನಾ? ಕುತ್ತಿಗೇಗೊಂದು ಅಗ್ಗ ಆಕಿ ಗೂಟಕ್ಕೆ ಕಟ್ಬುಡು, ಓಗು."

"ಕುರಿ ಆಗಿದ್ರೆ ಇಷ್ಟೊತ್ಗೆ ಸಂತೇಲಿ ಮಾರಿರ್ತಿದ್ದೆ. ತಿನ್ನಿ."

"ಈ ಕಾಲ್ಗೆ ಎಷ್ಟು ಕೊಡ್ತಾರೆ, ಕೇಳ್ಕೊಂಡ್ ಬಾ."

ನಗಬೇಕಾದ ಮಾತು. ನನಗೆ ನಗು ಬರಲಿಲ್ಲ.

ಕುರಿಯಾಗಿದ್ದರೆ ನನಗೆ ದಾರಿ ಗೊತ್ತಿತ್ತು. ಮೇವು ಬಿಟ್ಟ ಟಗರಿಗೆ ಸೊಪ್ಪಿನ ಮೇಲೆ ಉಪ್ಪುನೀರು ಚಿಮುಕಿಸಬೇಕು. ಮೊದಲು ನೆಕ್ಕುತ್ತದೆ, ಆಮೇಲೆ ಅದಕ್ಕೇ ತಿಳಿಯದ ಹಾಗೆ ಅಗಿಯುತ್ತದೆ. ನನ್ನ ಕೈಯಲ್ಲಿ ಬದುಕಿದ ಟಗರುಗಳೆಲ್ಲ ಹೀಗೇ ಬದುಕಿದವು. ಆದರೆ ಡಾಕ್ಟರಮ್ಮ ಉಪ್ಪನ್ನೇ ಕಿತ್ತುಕೊಂಡಿದ್ದಳು. ಉಪ್ಪು, ಬೆಲ್ಲ, ಎಣ್ಣೆ ಬಿಟ್ಟು ಒಬ್ಬ ಗಂಡಸಿಗೆ ಊಟ ಒಪ್ಪಿಸುವ ವಿದ್ಯೆಯನ್ನು ನಮ್ಮ ಅತ್ತೆ ನನಗೆ ಕಲಿಸಿರಲಿಲ್ಲ.

ಮೊಮ್ಮಗಳು ಮಂಜುಳಾ ತಮಿಳು ವಾರಪತ್ರಿಕೆಯೊಂದನ್ನು ಹಿಡಿದುಕೊಂಡು ಬಂದಳು.

"ಅಜ್ಜಿ, ಇದುಕ್ಕೆ ಸಲಾಡ್ ಡ್ರೆಸ್ಸಿಂಗ್ ಅಂತಾರೆ. ಮೇಲೆ ಸುರುದ್ರೆ ಸಾಕು, ಎಲ್ರೂ ತಿಂತಾರೆ. ಆಲಿವ್ ಆಯಿಲ್, ವಿನಿಗರ್ ಅಂತ ಪೋಟ್ಟಿರುಕ್ಕು, ಇದ್ರಲ್ಲಿ ಬರ್ದವ್ರೆ."

ಆ ಎಣ್ಣೆ ದಿನಸಿ ಅಂಗಡಿಯಲ್ಲಿ ಇರಲಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಕ್ಕಿತು, ಬೆರಳುದ್ದದ ಬಾಟಲಿ. ಅಂಗಡಿಯವನು ಕೈಗೆ ಕೊಡುತ್ತಾ, "ಮಗು ಉಟ್ಟಿ ಎಷ್ಟು ದಿನ ಆಯ್ತವ್ವ?" ಅಂದ. ಕೂಸುಗಳ ಮೈಗೆ ತಿಕ್ಕುವ ಎಣ್ಣೆಯಂತೆ. ವಾಪಸು ಕೊಟ್ಟು ಬಂದೆ. ನಮ್ಮ ಮನೆಯ ಕೂಸಿಗೆ ಅರವತ್ತು ದಾಟಿತ್ತು.

ಮನೆಗೆ ಬಂದು ಡಬ್ಬಗಳನ್ನೆಲ್ಲ ಇಳಿಸಿ ಸಾಲಾಗಿ ಇಟ್ಟೆ. ಬದುಕಿಡೀ ಕಣ್ಣುಮುಚ್ಚಿ ಕೈಹಾಕುತ್ತಿದ್ದ ಡಬ್ಬಗಳನ್ನು ಆ ದಿನ ಸಾಕ್ಷಿ ಹೇಳಲು ಕರೆದ ಹಾಗೆ ಒಂದೊಂದಾಗಿ ಕೇಳಿದೆ. ಉಪ್ಪಿನ ಕೆಲಸ ನಿನ್ನಿಂದ ಆಗುತ್ತದಾ? ಹುಣಸೆ ತನಗೆ ಬೆಲ್ಲ ಬೇಕು ಅಂದಿತು. ಮೆಣಸು ಒಬ್ಬಂಟಿಯಾಗಿ ಬರಲು ಒಪ್ಪಲಿಲ್ಲ. ಸಾಸಿವೆ ಮಾತ್ರ ಆಗುತ್ತದೆ ಅಂದಿತು.

ಹೇಗೆ ಅಂತ ಕೇಳಿ. ಸಾಸಿವೆಯನ್ನು ಹಸಿಯಾಗಿಯೇ ಕುಟ್ಟಿ, ಎರಡು ಚಮಚ ತಣ್ಣೀರು ಹಾಕಿ ಸುಮ್ಮನೆ ಬಿಡಬೇಕು. ಅದು ಕೂತಲ್ಲೇ ಸಿಟ್ಟು ಬೆಳೆಸಿಕೊಳ್ಳುತ್ತದೆ. ಆಮೇಲೆ ಹುರಿದು ಪುಡಿ ಮಾಡಿದ ಹುಚ್ಚೆಳ್ಳು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಹುಳಿ ಮಜ್ಜಿಗೆ. ಕಡಲೆಕಾಯಿ ಎಣ್ಣೆ ಹೆಸರಿಗೆ ಒಂದು ಚಮಚ. ನಿಂಬೆಹುಳಿ ಕೊನೆಗೆ, ಮೊದಲೇ ಹಿಂಡಿದರೆ ಸಾಸಿವೆಯ ಸಿಟ್ಟು ಏಳುವುದೇ ಇಲ್ಲ. ಇಷ್ಟನ್ನು ಕಲಸಿ ಹೆಚ್ಚಿದ ಮೂಲಂಗಿ, ಸೌತೆ, ಕೋಸು, ಈರುಳ್ಳಿಯ ಮೇಲೆ ಸುರಿದು ತಕ್ಷಣ ಕೊಡಬೇಕು. ತಡ ಮಾಡಿದರೆ ತರಕಾರಿ ನೀರು ಬಿಟ್ಟು ಎಲ್ಲ ಕೆಡುತ್ತದೆ.

ಮೊದಲ ಸಲ ಯೋಚನೆಯಲ್ಲಿ ಜಾಸ್ತಿ ಅರೆದುಬಿಟ್ಟೆ, ಕಹಿಯಾಯಿತು. ಮರುದಿನ ಸಾಸಿವೆ ಮೂಗಿಗೇ ಹೋಗಿ ಇವರು ಸೀನಿದ ರಭಸಕ್ಕೆ ಸೊಸೆ ಅಡುಗೆಮನೆಯಿಂದ ಓಡಿಬಂದಳು. "ಕಾಲ್ ಉಳ್ಸಕ್ಕೋಗಿ ಮೂಗ್ ಕಳೀತೀಯಾ?" ಅಂದರು. ಆದರೆ ಕಣ್ಣೊರೆಸಿಕೊಂಡು ನಾಲ್ಕು ಹೋಳು ತಿಂದರು. ದಿನವೂ ಸ್ವಲ್ಪ ಹೆಚ್ಚಾಯಿತು. ನಾನು ಎದುರಿಗೇ ಕೂತು ನೋಡುತ್ತಿದ್ದೆ. ತಟ್ಟೆಯಲ್ಲಿ ಉಳಿದ ಹೋಳು ನನಗೆ ಹೋಳಿನ ಹಾಗೆ ಕಾಣುತ್ತಿರಲಿಲ್ಲ, ಬೆರಳಿನ ಹಾಗೆ ಕಾಣುತ್ತಿತ್ತು. ಸೊಸೆ ಕಟ್ಟು ಬಿಚ್ಚುವಾಗ ಮಾತ್ರ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ನೋಡುವ ಧೈರ್ಯವೆಲ್ಲ ತಟ್ಟೆಯ ಹತ್ತಿರವೇ ಮುಗಿದುಹೋಗುತ್ತಿತ್ತು.

ಆಸ್ಪತ್ರೆಯ ದಿನ ಬಂತು. ಡಾಕ್ಟರಮ್ಮ ಗಾಯದ ಸುತ್ತ ಒತ್ತಿ ನೋಡಿದಳು, ಬಗ್ಗಿ ನೋಡಿದಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. "ಪರವಾಯಿಲ್ಲೆ ಪಾಟ್ಟಿ," ಅಂದಳು, ಈ ಸಲ ಗಟ್ಟಿಯಾಗಿಯೇ. ಅಂಚಿನಿಂದ ಒಣಗಿಕೊಂಡು ಬರುತ್ತಿದೆಯಂತೆ. ಬೆರಳು ತೆಗೆಯುವುದು ಬೇಡವಂತೆ. ಆದರೆ ಮಾತ್ರೆಯನ್ನಾಗಲಿ ತಟ್ಟೆಯನ್ನಾಗಲಿ ಒಂದು ದಿನವೂ ಬಿಡುವಂತಿಲ್ಲ.

ವಾಪಸು ಬರುವಾಗ, ಬಸ್ಸು ಪಾಲಕೋಡು ದಾಟಿದ ಮೇಲೆ, ಸ್ವಲ್ಪ ಜಂಬದಿಂದಲೇ ಕೇಳಿದೆ. "ರಸ ರುಚಿಯಾಗಿತ್ತು, ಅಲ್ವಾ?"

"ಯಾವ ರುಚಿ? ಬಾಯೆಲ್ಲ ಉರಿ."

"ಮತ್ಯಾಕೆ ತಿಂದ್ರಿ?"

"ನೀನು ಎದ್ರಿಗೆ ಕೂತ್ಕೊಂಡು ಆ ಮುಖ ಮಾಡ್ತಿದ್ರೆ ಏನ್ ಮಾಡ್ಲಿ? ಮಣ್ಣಿಟ್ಟಿದ್ರೂ ತಿಂತಿದ್ದೆ. ನಂಗೇನ್ ಭಯ ಇಲ್ವಾ?"

ಅಷ್ಟು ಕುಟ್ಟಿದ್ದೆಲ್ಲ ದಂಡವಾಯಿತಲ್ಲ ಎಂದು ಕೋಪ ಬಂತು. ಊರು ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅವರಿಗೂ ಹೆದರಿಕೆ ಇತ್ತೆಂಬುದು ಊರು ಬಂದು ಇಳಿದ ಮೇಲೆ ನನ್ನ ತಲೆಗೆ ಹೋಯಿತು.

ಈಗಲೂ ರಸ ಮಾಡುತ್ತೇನೆ, ಖಾರ ಸ್ವಲ್ಪ ಕಡಿಮೆ. ತಟ್ಟೆ ಇಟ್ಟು ಬೆನ್ನು ತಿರುಗಿಸಿ ಒಲೆಯ ಕಡೆ ಕೂರುತ್ತೇನೆ. ನನ್ನ ಮುಖ ನೋಡಿ ಅವರು ಇನ್ನಷ್ಟು ಹೆದರುವುದು ಬೇಡ. ಮುದ್ದೆ ನುಂಗಿದರೆ ಸದ್ದಾಗುವುದಿಲ್ಲ. ಹಸಿ ಮೂಲಂಗಿ ಹಾಗಲ್ಲ. ಕಚ್ಚಿದರೆ ಬೆನ್ನು ಹಾಕಿ ಕೂತವಳಿಗೂ ಕೇಳುತ್ತದೆ.