ಎಡಕ್ಕೆ ಎಳೆಯುತ್ತಿದ್ದ ವ್ಯಾನು

ಗ್ರೀಸು ಮತ್ತು ಬಿಸಿ ರಬ್ಬರಿನ ವಾಸನೆ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ ಈಗಲೂ ಒಂದು ಕಡೆ ಕೂರಲು ಆಗುವುದಿಲ್ಲ. ಇವತ್ತು ಬೆಳಿಗ್ಗೆ ಬಳ್ಳಾರಿಯ ಗಾಂಧಿನಗರದಲ್ಲಿ ಚಕ್ರದ ಅಲೈನ್‌ಮೆಂಟ್ ಮಾಡುವ ಅಂಗಡಿಗೆ ನನ್ನ ಕಾರು ಬಿಟ್ಟಿದ್ದೆ. ಅವರು ಕೊಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡು ನಿಮಿಷ ಕೂರುವುದು, ಎದ್ದು ಬಾಗಿಲಿಗೆ ಹೋಗುವುದು, ಮತ್ತೆ ಬಂದು ಕೂರುವುದು. ಅಂಗಡಿಯವನು ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದು, "ಮೇಡಂ, ಗಾಡಿ ಎಡಕ್ಕ ಎಳೀತೈತಿ. ಇಷ್ಟು ದಿನ ನಿಮಗ ಗೊತ್ತಾಗಿಲ್ಲೇನ್ರಿ?" ಎಂದ. ಗೊತ್ತಾಗಿರಲಿಲ್ಲ. ನನ್ನ ಕೈ ನನಗೆ ಹೇಳದೆ ಕೇಳದೆ ಸ್ಟೇರಿಂಗನ್ನು ಬಲಕ್ಕೆ ಹಿಡಿದು ಕೆಲಸ ನಡೆಸಿಕೊಂಡು ಹೋಗಿತ್ತು. ಇನ್ನೊಬ್ಬರು ಎಂಟು ವರ್ಷ ಹೀಗೆಯೇ ಹಿಡಿದಿದ್ದರು, ಅದನ್ನು ಹಿಂದಿನ ಸೀಟಿನಲ್ಲಿ ಕೂತು ಕಣ್ಣಾರೆ ನೋಡಿದವಳು ನಾನು...

ನಾವು ಅವರನ್ನು ವ್ಯಾನಿನಣ್ಣ ಎನ್ನುತ್ತಿದ್ದೆವು. ಬಳ್ಳಾರಿಯಲ್ಲಿ ಮನೆ, ಸಿರುಗುಪ್ಪದ ಕಡೆ ನೌಕರಿ ಇದ್ದ ಒಂಬತ್ತು ಜನ ಶಿಕ್ಷಕರನ್ನು ಅವರ ಹಳೆಯ ವ್ಯಾನು ದಿನಾ ಹೊತ್ತು ತಿರುಗುತ್ತಿತ್ತು. ಬಾದನಹಟ್ಟಿಯಲ್ಲಿ ಇಬ್ಬರು ಇಳಿಯುತ್ತಿದ್ದರು, ಕುರುಗೋಡಿನಲ್ಲಿ ಮೂವರು, ಕೊನೆಗೆ ಸಿರುಗುಪ್ಪದಲ್ಲಿ ನಾವು ನಾಲ್ವರು. ಮೂರು ಮಾಲೀಕರ ಕೈ ದಾಟಿ ಅವರಿಗೆ ಬಂದ ಗಾಡಿ ಅದು. ಬಾಗಿಲಿಗೆ ಹಗ್ಗ, ಕಿಟಕಿಗೆ ರಟ್ಟು, ಮುಂದೆ ಮಾತ್ರ ಪ್ರತಿ ಶನಿವಾರ ತಪ್ಪದೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ. ಆದರೆ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲು ನಮ್ಮನ್ನು ಶಾಲೆಯ ಗೇಟಿಗೆ ಮುಟ್ಟಿಸದ ದಿನವಿಲ್ಲ. ಬಸ್ಸಿಗೆ ಹೋದರೆ ಗಂಟೆ ತಪ್ಪುತ್ತಿತ್ತು. ನಮ್ಮ ಹೆಡ್ಮಾಸ್ತರು ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕುವುದರಲ್ಲಿ ಒಂದು ಬಗೆಯ ಸುಖ ಕಾಣುತ್ತಿದ್ದರು.

ವ್ಯಾನಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಅಣ್ಣನೇ ಹೇಳುತ್ತಿದ್ದರು. ನನಗೆ ಯಾವಾಗಲೂ ಅವರ ಬೆನ್ನ ಹಿಂದಿನ ಸೀಟು. "ಮೇಡಮ್ಮೋರು ಇಲ್ಲಿ ಬರ್ರಿ" ಎಂದು ಕೈ ತೋರಿಸಿ ಕೂರಿಸುತ್ತಿದ್ದರು. ಲೆಕ್ಕದ ಟೀಚರು ನನಗಿಂತ ಆರು ವರ್ಷ ಸೀನಿಯರ್. ಕಡ್ಡಿಯಂಥ ಹೆಂಗಸು. ಆಕೆಯನ್ನು ಎಡಗಡೆಯ ಬಾಗಿಲ ಪಕ್ಕಕ್ಕೆ ಕಳಿಸಿ ನನ್ನನ್ನು ಒಳ್ಳೆಯ ಜಾಗದಲ್ಲಿ ಕೂರಿಸಿದ್ದು ನನ್ನ ಗುಣಕ್ಕೆ ಸಿಕ್ಕ ಮರ್ಯಾದೆ ಎಂದುಕೊಂಡು ನಾನು ಎರಡು ವರ್ಷ ಉಬ್ಬಿದ್ದೆ. ಆಕೆಗೂ ಇದರಿಂದ ಒಳಗೊಳಗೇ ಉರಿ ಇತ್ತು.

ಆಮೇಲೆ ನಮ್ಮಲ್ಲೊಬ್ಬರಿಗೆ ವರ್ಗವಾಗಿ ಆ ಜಾಗಕ್ಕೆ ಒಬ್ಬ ಪಿ.ಟಿ. ಮೇಷ್ಟ್ರು ಹೊಸದಾಗಿ ಬಂದರು. ಆಜಾನುಬಾಹು. ಮೊದಲನೆಯ ದಿನವೇ ಅಣ್ಣ ಅವರನ್ನು ನನ್ನ ಸೀಟಿನಲ್ಲಿ ಕೂರಿಸಿ ನನ್ನನ್ನು ಅದರ ಹಿಂದಕ್ಕೆ ತಳ್ಳಿದರು. ನಾನು ಸುಮ್ಮನಿರುವವಳಲ್ಲ. ನಿನ್ನೆ ಬಂದವರಿಗೆ ಮುಂದಿನ ಸೀಟು, ನಮಗೆ ಹಿಂದಿನದೋ ಎಂದು ಎಲ್ಲರೆದುರು ಕೇಳಿಬಿಟ್ಟೆ. ಅಣ್ಣ ತಲೆ ಕೆರೆದುಕೊಂಡು, "ಅದು ಸೀನಿಯಾರಿಟಿ ಅಲ್ರಿ ಮೇಡಮ್ಮೋರ... ತೂಕ. ಗಾಡಿ ಎಡಕ್ಕ ಎಳೀತೈತಿ, ಅದಕ್ಕ ಬಲಕ್ಕ ಭಾರ ಇಡ್ತೀನಿ" ಎಂದರು. ಇಡೀ ವ್ಯಾನು ಬಿದ್ದು ಬಿದ್ದು ನಕ್ಕಿತು. ಲೆಕ್ಕದ ಟೀಚರು ನಕ್ಕ ನಗೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನಾನೂ ನಕ್ಕೆ. ಅಣ್ಣ ಮಾತ್ರ ಈ ತೂಕದ ಉಪಾಯವನ್ನು ತಮ್ಮ ಜಾಣತನವೆಂದೇ ತಿಳಿದಿದ್ದರು. ಕುರುಗೋಡು ಬಂದಾಗಲೆಲ್ಲ, ಜನ ಇಳಿದ ಮೇಲೆ, ಉಳಿದವರನ್ನು ಮತ್ತೆ ಬಲಕ್ಕೆ ಸರಿಸುತ್ತಿದ್ದುದು ಅದಕ್ಕೇ ಎಂದು ಆಗ ತಿಳಿಯಿತು.

ನಗು ನಿಂತ ಮೇಲೆ ನನ್ನ ಕಣ್ಣು ಅವರ ಕೈಗೆ ಬಿತ್ತು. ಅಷ್ಟು ದಿನ ಅಲ್ಲೇ ಕೂತಿದ್ದರೂ ನಾನು ನೋಡಿರಲಿಲ್ಲ. ರಸ್ತೆ ನೆಟ್ಟಗಿದೆ, ಸ್ಟೇರಿಂಗು ಮಾತ್ರ ಬಲಕ್ಕೆ ಅರ್ಧ ಗೇಣು ತಿರುಗಿದೆ. ಒಂದು ತಿರುವು ಬಂದರೆ ಅವರು ಮೊದಲೇ ತಿರುಗಿಸಲು ಶುರು ಮಾಡುತ್ತಾರೆ, ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಆಮೇಲೆ ಚಕ್ರಕ್ಕೆ ಸುದ್ದಿ ಮುಟ್ಟುತ್ತದೆ. ಆ ನಡುವಿನ ಹೊತ್ತಿನಲ್ಲಿ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅವತ್ತಿನಿಂದ ನನಗೆ ವ್ಯಾನಿನಲ್ಲಿ ನೆಮ್ಮದಿಯಿಲ್ಲ. ಎದುರಿಗೆ ಭತ್ತದ ಟ್ರ್ಯಾಕ್ಟರ್ ಬಂದರೆ ಮುಂದಿನ ಸೀಟಿನ ಕಂಬಿ ಹಿಡಿಯುವುದು, ಕಾಲುವೆ ಪಕ್ಕದ ರಸ್ತೆ ಬಂದರೆ ಕಾಲಿನಿಂದ ಇಲ್ಲದ ಬ್ರೇಕು ಒತ್ತುವುದು. ಮನೆಯಲ್ಲಿ ಹೇಳಿದರೆ, ಹಾಗಿದ್ದರೆ ಬಸ್ಸಿಗೆ ಹೋಗು ಎಂದರು ಯಜಮಾನರು. ಕೆಂಪು ಶಾಯಿಯ ಗುರುತು ನೆನಪಾಗಿ ಮರುದಿನ ಮತ್ತೆ ವ್ಯಾನು ಹತ್ತುತ್ತಿದ್ದೆ. ಕಂಡೂ ಕಂಡೂ ಬಾವಿಗೆ ಬೀಳುವುದು ಎಂದರೆ ಅದೇ.

ಒಮ್ಮೆ ಕುರುಗೋಡು ದಾಟಿದ ಮೇಲೆ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ರಸ್ತೆಯ ಮುಕ್ಕಾಲು ಭಾಗ ತುಂಬಿಕೊಂಡು ಬಂತು. ಅಣ್ಣ ಅದಕ್ಕೆ ದಾರಿ ಬಿಡಲು ಎಡಕ್ಕೆ ಸರಿದರು. ಮತ್ತೆ ಬಲಕ್ಕೆ ತಿರುಗಿಸಿದರೆ ವ್ಯಾನು ಕೇಳಲಿಲ್ಲ. ಸ್ಟೇರಿಂಗು ಸುಮ್ಮನೆ ಸುತ್ತುತ್ತಿತ್ತು, ಎಡಗಡೆಯ ಚಕ್ರಗಳು ಕಾಲುವೆಯ ಏರಿಯ ಮಣ್ಣಿನ ಮೇಲೆ ಹೋಗುತ್ತಿದ್ದವು. ಕೊನೆಗೆ ಸ್ಟೇರಿಂಗು ಕಚ್ಚಿಕೊಂಡು ವ್ಯಾನು ರಸ್ತೆಗೆ ಬಂತು. ಅಣ್ಣ ಇಳಿದು ಟೈರಿಗೆ ಎರಡು ಸಲ ಕಾಲಿನಿಂದ ಒದ್ದು, ಏನೂ ಆಗಿಲ್ಲ ಎನ್ನುವಂತೆ ಬೀಡಿ ಹಚ್ಚಿದರು.

ಅವತ್ತು ಸಂಜೆ ನಾನೇ ಮುಂದಾಳಾಗಿ ನಿಂತೆ. ಸ್ಟೇರಿಂಗ್ ರಿಪೇರಿಯಾಗುವವರೆಗೆ ನಾವು ಯಾರೂ ವ್ಯಾನು ಹತ್ತುವುದಿಲ್ಲ ಎಂದು ಒಂಬತ್ತು ಜನರ ಪರವಾಗಿ ಹೇಳಿದೆ. ಅಣ್ಣನ ಮುಖ ಸಣ್ಣದಾಯಿತು. ಎಂಟು ವರ್ಷದಲ್ಲಿ ಒಬ್ಬರಿಗೂ ಒಂದು ಗೀರು ಬಿದ್ದಿಲ್ಲ, ಈ ಗಾಡಿಯ ಗುಣ ತಮ್ಮ ಕೈಗೆ ಗೊತ್ತು, ಬೇರೆಯವರು ಓಡಿಸಿದರೆ ತಾನೆ ಭಯ ಎಂದರು. ಅವರ ಕೈಯ ಮೇಲೆ ಅವರಿಗೆ ಅಷ್ಟು ಹೆಮ್ಮೆ. ಹೊಸ ಸಾಮಾನು ಹಾಕಿಸಿದರೆ ಆ ಕೈಗೆ ಅವಮಾನ ಎಂಬಂತೆ ದೂಡುತ್ತಾ ಬಂದಿದ್ದರು. ನಾನು ಜಗ್ಗಲಿಲ್ಲ. ಕೊನೆಗೆ ವ್ಯಾನನ್ನು ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಬಿಟ್ಟರು.

ನಾಲ್ಕು ದಿನ ನಾವು ಬಸ್ಸಿಗೆ ಹೋದೆವು. ಬಸ್ಸೋ, ಒಂದು ಕಾಲಿಡಲು ಜಾಗ ಸಿಕ್ಕರೆ ಇನ್ನೊಂದು ಕಾಲಿಗೆ ಸಿಗುತ್ತಿರಲಿಲ್ಲ. ನಾಲ್ಕು ದಿನಕ್ಕೆ ನನ್ನ ಹೆಸರಿನ ಮುಂದೆ ಮೂರು ಕೆಂಪು ಗುರುತು. ನಾಲ್ಕನೆಯ ದಿನ ಸಂಜೆ ಅಣ್ಣ ಮನೆಗೆ ಬಂದರು. ಸ್ಟೇರಿಂಗ್ ಬಾಕ್ಸು, ಕೆಳಗಿನ ಜಾಯಿಂಟುಗಳು ಎಲ್ಲ ಸವೆದು ಹೋಗಿದ್ದವಂತೆ, ಎಲ್ಲ ಹೊಸದು ಹಾಕಿದ್ದಾರಂತೆ. ತೂಕ ಇಟ್ಟು ಸ್ಟೇರಿಂಗ್ ನೆಟ್ಟಗೆ ಮಾಡಿದವರನ್ನು ತಾನು ಎಲ್ಲೂ ನೋಡಿಲ್ಲ ಎಂದು ಮೇಸ್ತ್ರಿ ನಕ್ಕನಂತೆ. ಇಷ್ಟು ಹೇಳಿ ಅಣ್ಣ ಬಾಗಿಲಲ್ಲೇ ನಿಂತರು. ಒಂದು ವಾರ ಖಾಲಿ ಗಾಡಿ ಓಡಿಸಬೇಕು, ಕೈಗೆ ಹಳೆಯ ರೂಢಿ ಬಿಡಬೇಕು, ಆಮೇಲೆ ಜನರನ್ನು ಕೂರಿಸು ಎಂದು ಮೇಸ್ತ್ರಿ ಹೇಳಿದ್ದಾನೆ, ನೀವೆಲ್ಲ ಇನ್ನೊಂದು ವಾರ ಬಸ್ಸಿಗೆ ಹೋಗ್ತೀರಾ ಎಂದು ಕೇಳಿದರು.

ನನಗೆ ರೇಗಿತು. ಮಾರನೆಯ ದಿನ ಶಾಲಾ ತಪಾಸಣೆಗೆ ಬರುತ್ತಾರೆಂದು ಸುದ್ದಿ ಇತ್ತು. ಕೆಟ್ಟಾಗ ಎಂಟು ವರ್ಷ ಓಡಿಸಿದಿರಿ, ಸರಿಯಾದ ಮೇಲೆ ಏನು ಭಯ, ನಾಳೆ ತಪ್ಪದೆ ಬರ್ರಿ ಎಂದುಬಿಟ್ಟೆ. ಅವರು "ಆತ್ರಿ ಮೇಡಮ್ಮೋರ" ಎಂದು ಹೋದರು. ಶಿಕ್ಷಕರಿಗೆ ಎದುರು ಮಾತಾಡಿ ಅವರಿಗೆ ಅಭ್ಯಾಸವಿರಲಿಲ್ಲ.

ಮಾರನೆಯ ದಿನ ವ್ಯಾನು ಬಂತು. ಊರು ದಾಟುವವರೆಗೆ ನಿಧಾನವಾಗಿ ಹೋದೆವು, ಏನೂ ಆಗಲಿಲ್ಲ. ಬಯಲು ರಸ್ತೆಗೆ ಬಿದ್ದ ಮೇಲೆ ಅವರ ಕೈ ತನ್ನ ಹಳೆಯ ಕೆಲಸ ಶುರು ಮಾಡಿತು. ಬಲಕ್ಕೆ ಅರ್ಧ ಗೇಣು. ವ್ಯಾನು ಈಗ ಹೇಳಿದ್ದನ್ನು ಹೇಳಿದಾಗಲೇ ಕೇಳುತ್ತಿತ್ತು. ರಸ್ತೆಯ ನಡುವಿಗೆ ಹೋಗುತ್ತಿತ್ತು, ಅವರು ಬೆಚ್ಚಿ ಎಡಕ್ಕೆ ತರುತ್ತಿದ್ದರು, ಮತ್ತೆ ಮರೆತು ಬಲಕ್ಕೆ. ಅವರ ಕತ್ತಿನ ಮೇಲೆ ಬೆವರು ಇಳಿಯುತ್ತಿದ್ದುದು ನನಗೆ ಕಾಣುತ್ತಿತ್ತು. ನಿಲ್ಲಿಸಿ ಎನ್ನಬೇಕು ಎಂದು ಬಾಯಿಗೆ ಬಂದದ್ದನ್ನು ಗಡಿಯಾರ ನೋಡಿ ನುಂಗಿಕೊಂಡೆ. ಆಗ ಎದುರಿನಿಂದ ಲಾರಿ ಬಂತು. ಅಣ್ಣ ಅದನ್ನು ನೋಡಿದ ಕೂಡಲೇ, ಎಂಟು ವರ್ಷ ಮಾಡಿದಂತೆ, ಗಾಡಿ ಎಡಕ್ಕೆ ಜಾರದಿರಲೆಂದು ಬಲಕ್ಕೆ ಬಿಗಿಯಾಗಿ ಹಿಡಿದರು. ವ್ಯಾನು ಲಾರಿಯ ಕಡೆಗೇ ನುಗ್ಗಿತು. ಲಾರಿಯವನು ತನ್ನ ಗಾಡಿಯನ್ನು ಹೊಲಕ್ಕೆ ಇಳಿಸಿದ್ದರಿಂದ ನಾವು ಉಳಿದೆವು. ನಮ್ಮ ಬಲಗಡೆಯ ಕನ್ನಡಿ ಕಿತ್ತು ಹೋಯಿತು, ಅಷ್ಟೇ.

ಅಣ್ಣ ವ್ಯಾನನ್ನು ಅಂಚಿಗೆ ತಂದು, ಕೀ ತಿರುಗಿಸಿ ಆಫ್ ಮಾಡಿದರು. ಇಳಿದು ಹೋಗಿ ಲಾರಿಯವನ ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡರು. ತಿರುಗಿ ಬಂದು ಬಾಗಿಲಿನ ಹಗ್ಗ ಬಿಚ್ಚಿ ಹೇಳಿದರು: "ಗಾಡಿ ನೆಟ್ಟಗೈತ್ರಿ. ನನ್ನ ಕೈ ನೆಟ್ಟಗಿಲ್ಲ. ಎಲ್ರೂ ಇಳೀರಿ."

ನಾವು ಇಳಿದೆವು. ಆ ಬಿಸಿಲಲ್ಲಿ ಅಣ್ಣ ರಸ್ತೆಯ ನಡುವೆ ನಿಂತು ಬಸ್ಸು, ಟೆಂಪೊ ಯಾವುದು ಬಂದರೂ ಕೈ ಅಡ್ಡ ಹಾಕಿ, ಒಬ್ಬೊಬ್ಬರನ್ನೇ ಹತ್ತಿಸಿದರು. ನಾನು ಹತ್ತುವಾಗ ಅವರ ಕಡೆ ನೋಡಲಿಲ್ಲ. ಶಾಲೆ ಮುಟ್ಟುವಾಗ ಎರಡನೆಯ ಪಿರಿಯಡ್ಡು ನಡೆಯುತ್ತಿತ್ತು. ತಪಾಸಣೆಗೆ ಯಾರೂ ಬಂದಿರಲಿಲ್ಲ.

ಅದೇ ಕೊನೆ. ಅಣ್ಣ ಮತ್ತೆ ನಮ್ಮನ್ನು ಕರೆಯಲು ಬರಲಿಲ್ಲ. ನಾವು ಬೇರೆ ಗಾಡಿ ಮಾಡಿಕೊಂಡೆವು, ಆಮೇಲೆ ನನಗೆ ಬಳ್ಳಾರಿಗೇ ವರ್ಗವಾಯಿತು. ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿಯನ್ನು ಪಿ.ಟಿ. ಮೇಷ್ಟ್ರು ಫೋನಿನಲ್ಲಿ ಹೇಳಿದರು. ಹೋಗಬೇಕು ಎಂದುಕೊಂಡೆ. ಪರೀಕ್ಷೆ ಕೆಲಸ ಇದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಹೋಗಲಿಲ್ಲ...

ಇವತ್ತು ಅಲೈನ್‌ಮೆಂಟ್ ಆದ ಮೇಲೆ ಕಾರು ಮನೆಯ ಕಡೆ ತಿರುಗಿಸಲು ಆಗಲಿಲ್ಲ. ರೂಪನಗುಡಿ ರಸ್ತೆಯ ಒಳಗಿನ ಓಣಿಯಲ್ಲಿ ಅವರ ಮನೆ ಕೇಳಿಕೊಂಡು ಹೋದೆ. ಅವರ ಹೆಂಡತಿ ಅಕ್ಕಿ ಆರಿಸುತ್ತಾ ಕೂತಿದ್ದರು. ಟೀಚರ್ ಎಂದಷ್ಟೇ ಹೇಳಿದೆ, ಚಾಪೆ ಹಾಕಿ ಕೂರಿಸಿದರು. ಆ ದಿನದ ನಂತರ ಅಣ್ಣ ತಿಂಗಳುಗಟ್ಟಲೆ ಬೆಳಿಗ್ಗೆ ಎದ್ದು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ವ್ಯಾನನ್ನು ಓಡಿಸಿ ನೋಡಿದರಂತೆ. ದೂರದಲ್ಲಿ ಲಾರಿ ಕಂಡರೆ ಸಾಕು, ಅಂಚಿಗೆ ನಿಲ್ಲಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರಂತೆ. ಕೊನೆಗೆ ವ್ಯಾನು ಮಾರಿ, ಒಂದು ಅಕ್ಕಿ ಗಿರಣಿಯ ಗೇಟಿನಲ್ಲಿ ಕಾವಲಿಗೆ ಕೂತರಂತೆ. ಹೋಗಿ ಬರುವ ಗಾಡಿಗಳಿಗೆ ಗೇಟು ತೆಗೆಯುವ ಕೆಲಸ.

"ವಾರ ಖಾಲಿ ಓಡ್ಸಿದ್ರ ಕೈ ಕಲೀತಿತ್ತಂತ್ರಿ. ಮೊದಲ್ನೇ ದಿನಾನ ಹೆದರಿಕಿ ಹೊಕ್ಕೊಂಡ್ತು. ಯಾರೋ ಒಬ್ಬ ಟೀಚರಮ್ಮಾರು ಅವಸರ ಮಾಡಿದ್ರಂತ. ಹೆಸ್ರು ಕೇಳಿದ್ರ ಹೇಳ್ಲೇ ಇಲ್ಲ" ಎಂದರು ಆಕೆ.

ಒಂಬತ್ತು ಜನರ ಜೀವ ಉಳಿಸಿದೆ ಎಂದು ಆ ರಿಪೇರಿಯ ಕಥೆಯನ್ನು ನಾನು ಎಷ್ಟು ಕಡೆ ಹೇಳಿಕೊಂಡು ತಿರುಗಿದ್ದೆನೋ. ಅರ್ಧ ಕಥೆ ಮಾತ್ರ ಹೇಳುತ್ತಿದ್ದೆ. ಒಬ್ಬ ಮನುಷ್ಯನ ಕೈಗಿದ್ದ ವಿದ್ಯೆಯನ್ನು ಒಂದೇ ದಿನದಲ್ಲಿ ಕಿತ್ತುಕೊಂಡವಳು ನಾನು.

"ಆ ಟೀಚರು ನಾನೇರಿ ಅಕ್ಕ" ಎಂದೆ.

ಆಕೆಯ ಕೈ ಮೊರದ ಮೇಲೆ ನಿಂತಿತು. ಬಯ್ಯುತ್ತಾರೆ ಎಂದುಕೊಂಡೆ, ಬಯ್ಯಲಿ ಎಂದೂ ಅನ್ನಿಸಿತು. ಆಕೆ ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು.

"ಒಂದ್ ವಾರ ರಜಾ ಹಾಕಾಕ ಬರ್ತಿರ್ಲಿಲ್ಲೇನ್ರಿ ನಿಮಗ?"

ಬರುತ್ತಿತ್ತು. ಆ ವರ್ಷ ನನ್ನ ಹೆಸರಿನಲ್ಲಿ ಎಂಟು ದಿನದ ಸಾಂದರ್ಭಿಕ ರಜೆ ಹಾಗೇ ಉಳಿದಿತ್ತು. ಡಿಸೆಂಬರ್ ಮುಗಿದಾಗ ಅಷ್ಟೂ ರದ್ದಾಯಿತು.